ಗೌರವ ಪ್ರತಿ

“ಗುರುಗಳೇ, ನಮ್ಮಂಥ ಬಡ ದೇಶದಲ್ಲಿ ಕತೆ ಕಾದಂಬರಿ ಅಚ್ಚು ಹಾಕಿಸಿ ಏನು ಬಂತು? ಕಾಗದ ದುಬಾರಿ, ಅಂಗಡಿಗಳಿಲ್ಲ, ಕೊಳ್ಳುವವರಿಲ್ಲ. ನನ್ನ ಹಸ್ತಪ್ರತಿಯನ್ನು ಒಲೆಗೆ ಹಾಕಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಒಲೆಗೆ ಅವಸರವಿಲ್ಲ. ಮೊದಲು ಇದನ್ನು ಕೇಳು” ಎಂದರು.

ಒಂದು ಊರಿನಲ್ಲಿ ಒಬ್ಬ ಪ್ರಕಾಶಕನಿದ್ದ. ರವಿಕೆ ಹೊಲಿಯುವ ಹೆಂಗಸೊಬ್ಬಳು ಬರೆದ ಕತೆಗಳನ್ನು ಮೆಚ್ಚಿ ಅಚ್ಚು ಹಾಕಿಸಿದ. ಬಿಡುಗಡೆಗೆ ಊರಿನ ದೊಡ್ಡವರೆಲ್ಲ ಬಂದರು, ಹಾರ ಹಾಕಿಸಿಕೊಂಡರು, ಭಾಷಣ ಮಾಡಿದರು. ಹೋಗುವಾಗ ಒಬ್ಬೊಬ್ಬರೂ “ನನಗೊಂದು ಗೌರವ ಪ್ರತಿ” ಎಂದು ಕೈ ಚಾಚಿದರು. ಗೌರವ ಪ್ರತಿ ಎಂದರೆ ಬಿಟ್ಟಿ ಪುಸ್ತಕ; ಓದದಿರುವ ಸ್ವಾತಂತ್ರ್ಯವೂ ಅದರ ಜೊತೆಗೇ ಬರುತ್ತದೆ. ನಗರದ ಅಂಗಡಿಯವರಂತೂ, ಹಳ್ಳಿಯ ಮಾತು ಇಲ್ಲಿ ಓಡುವುದಿಲ್ಲವೆಂದು ಕಟ್ಟು ಬಿಚ್ಚದೆ ವಾಪಸು ಕಳಿಸಿದರು. ಪ್ರಕಾಶಕ ಸೋತುಹೋದ. ಎಲ್ಲವನ್ನೂ ರದ್ದಿಗೆ ಹಾಕಿ ಕಸುಬನ್ನೇ ಬಿಡುವುದೆಂದು ನಿರ್ಧರಿಸಿ, ಮುಂದಿನ ಸಂತೆಗೆ ಬಾ ಎಂದು ರದ್ದಿಯವನಿಗೆ ಹೇಳಿಕಳಿಸಿದ.

ಸುದ್ದಿ ಕೇಳಿ ಆ ಹೆಂಗಸು ಓಡಿ ಬಂದಳು.

“ಅಣ್ಣಾ, ರದ್ದಿಗ್ಯಾಕೆ ಹಾಕ್ತೀರಾ? ದೊಡ್ಡೋರಿಗೆಲ್ಲ ಗೌರವ ಪ್ರತಿ ಅಂತ ಕೊಟ್ರಲ್ಲ, ನಮ್ ಬೀದಿಗೂ ಕೊಡಿ.”

“ತಗೊಂಡು ಹೋಗಮ್ಮ, ಎಲ್ಲಾದ್ರೂ ಹಾಳಾಗಿ ಹೋಗ್ಲಿ” ಎಂದ ಪ್ರಕಾಶಕ.

ಬಿಟ್ಟಿ ಎಂಬ ಅರ್ಥ ಅವಳಿಗೆ ಹೊಳೆಯಲೇ ಇಲ್ಲ. ಗೌರವದಿಂದ ಕೊಡುವುದೆಂದರೆ ತಟ್ಟೆಯಲ್ಲಿಟ್ಟು ಕೊಡುವುದೆಂದು ತಿಳಿದಳು. ಒಂದೊಂದು ಪುಸ್ತಕವನ್ನೂ ತಟ್ಟೆಯಲ್ಲಿಟ್ಟು, ಮೇಲೊಂದು ಹೂವಿಟ್ಟು, ಮನೆಮನೆಗೆ ಕೊಟ್ಟು ಬಂದಳು. ಆ ಬೀದಿಯಲ್ಲಿ ಬಂದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಆದರೆ ಪುಸ್ತಕ ಬಂದ ತಟ್ಟೆಗೆ ಏನು ಹಾಕುವುದು? ಓದದೆ ತಿಳಿಯುವಂತಿರಲಿಲ್ಲ. ಹಾಗಾಗಿ ಓದಿದರು. ಓದು ಬಾರದವರು ಓದಿಸಿಕೊಂಡರು, ನಕ್ಕರು, ಕಣ್ಣೊರೆಸಿಕೊಂಡರು. ಆಮೇಲೆ ಕೆಲವರು ಅಕ್ಕಿ ಹಾಕಿದರು, ಕೆಲವರು ಬೆಲ್ಲ. ಒಬ್ಬಳು ಜೀವಂತ ಕೋಳಿಯನ್ನೇ ಕಳಿಸಿದಳು. ಮೂಲೆಮನೆಯ ಅಜ್ಜಿಯ ತಟ್ಟೆಯಲ್ಲಿ ಮಾತ್ರ, ಸೊಸೆಯ ಕೈಯಲ್ಲಿ ಬರೆಸಿದ ಒಂದು ಹೊಸ ಕತೆ ಇತ್ತು. ಎಲ್ಲವನ್ನೂ ಹೊಲಿಗೆಯವಳು ಪ್ರಕಾಶಕನಿಗೆ ತಂದೊಪ್ಪಿಸಿದಳು.

ಪಕ್ಕದ ಬೀದಿಯವರಿಗೆ ಸಿಟ್ಟು ಬಂತು. ನಮಗೇಕೆ ಗೌರವವಿಲ್ಲ ಎಂದು ಪ್ರಕಾಶಕನ ಬಾಗಿಲಿಗೇ ಬಂದು ಜಗಳ ತೆಗೆದರು, ತುಂಬಿದ ತಟ್ಟೆಗಳನ್ನು ಹಿಡಿದುಕೊಂಡೇ! ರದ್ದಿಯವನ ಗಾಡಿ ಬಂದಾಗ ಹೇರಲು ಒಂದು ಪುಸ್ತಕವೂ ಉಳಿದಿರಲಿಲ್ಲ. ಪ್ರಕಾಶಕ ಸಂತೋಷ ತಡೆಯಲಾರದೆ ಅತ್ತುಬಿಟ್ಟ. ಅಕ್ಕಿ ಬೆಲ್ಲ ಮಾರಿ ಕಾಗದ ತಂದ. ಅಜ್ಜಿಯ ಕತೆ ಮೊದಲಾಗಿ ಎರಡನೆಯ ಪುಸ್ತಕ ಅಚ್ಚಿಗೆ ಹೋಯಿತು. ಆ ದಿನ ಬೀದಿಗೆ ಬೀದಿಯೇ ಹಬ್ಬ ಮಾಡಿತು.

ಶಿಷ್ಯನ ಮುಖ ಅರಳಿತು. “ಹಾಗಾದರೆ ನನ್ನ ಪುಸ್ತಕವನ್ನೂ ಓದುತ್ತಾರೆ ಅಲ್ಲವೇ, ಗುರುಗಳೇ?”

“ಓದುತ್ತಾರಪ್ಪ. ನೀನು ಈಚೆಗೆ ಯಾರ ಪುಸ್ತಕ ಓದಿದೆ?”