ಐದೂವರೆ ಸುತ್ತು

ಎರಡು ಹಳ್ಳಗಳ ನಡುವಿನ ದಿಣ್ಣೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಇದ್ದವರು ಇಬ್ಬರೇ, ಅಜ್ಜ ಮತ್ತು ಅವರ ಶಿಷ್ಯ ಚನ್ನವೀರ.

ದಿಣ್ಣೆಯ ಈಚೆ ಹಿರೇಹಳ್ಳ, ಆಚೆ ಕಿರುಹಳ್ಳ. ಎರಡೂ ಕೆಳಗೆ ಒಂದು ಹರದಾರಿ ದೂರದಲ್ಲಿ ಕೂಡುತ್ತಿದ್ದವು. ಆ ಜಾಗಕ್ಕೆ ಜನ ಕೂಡಲ ಎನ್ನುತ್ತಿದ್ದರು.

ಮಳೆಗಾಲ ಮುಗಿದರೆ ಕುರಿಗಾರರು ಆ ದಾರಿ ಹಿಡಿದು ಬರುತ್ತಿದ್ದರು. ಈ ವರ್ಷ ಯಾವ ಮಡುವಿನ ನೀರು ಸಿಹಿ, ಯಾವುದು ಸವಳು ಎಂದು ಮಠದಲ್ಲಿ ಕೇಳಿಕೊಂಡೇ ಮುಂದೆ ಹೋಗುತ್ತಿದ್ದರು. ಉಪ್ಪುಪ್ಪಾದ ಸವಳು ನೀರು ಕುಡಿದರೆ ಗಬ್ಬದ ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತದೆ.

ನೀರು ನೋಡುವುದಕ್ಕೆ ಅಜ್ಜನ ಪದ್ಧತಿ ಒಂದೇ. ಮಡುವಿನಿಂದ ನೀರು ತರಬೇಕು. ಅದೇ ಗಡಿಗೆ, ಒಂದೇ ಬೊಗಸೆ ತೊಗರಿಬೇಳೆ, ಒಂದೇ ಉರಿ. ಬೇಳೆ ಬೇಯುವ ತನಕ ಜಪಸರ ಎಷ್ಟು ಸುತ್ತು ಬಂತೆಂದು ಎಣಿಸಿ ಇದ್ದಿಲಿನಿಂದ ಗೋಡೆಗೆ ಬರೆಯಬೇಕು. ಐದಾರು ಸುತ್ತಿಗೆ ಬೆಂದರೆ ಸಿಹಿನೀರು. ಹತ್ತು ದಾಟಿದರೆ ಸವಳು.

ಆ ವರ್ಷ ಆ ಕೆಲಸ ಚನ್ನವೀರನ ಪಾಲಿಗೆ ಬಂತು. ಹಿರೇಹಳ್ಳದ ಮೂರು ದೊಡ್ಡ ಮಡುಗಳ ನೀರು ತಂದು ಬೇಯಿಸಿದ. ಮೂರೂ ಐದು ಸುತ್ತು. ಕೂಡಲದ ನೀರು ಆರು ಸುತ್ತು. ದೊಡ್ಡ ಮಡುಗಳಲ್ಲಿ ಕಿರುಹಳ್ಳದ ಎಮ್ಮೆಮಡು ಒಂದು ಉಳಿಯಿತು.

ದಿಣ್ಣೆಯ ಮೇಲೆ ನಿಂತು ನೋಡಿದ. ಈ ಕಡೆ ಹಿರೇಹಳ್ಳದ ಮಡು, ಆ ಕಡೆ ಕೂಡಲ, ಕಣ್ಣಳತೆಗೆ ಎರಡರ ನಡುವೆ ಎಮ್ಮೆಮಡು. ಬಿಸಿಲು ಏರಿತ್ತು. ಬುದ್ಧಿವಂತರಿಗೆ ಬಿಸಿಲು ಸ್ವಲ್ಪ ಹೆಚ್ಚೇ ಸುಡುತ್ತದೆ. ಅವನು ಒಳಗೆ ಬಂದು ಗೋಡೆಗೆ ಐದೂವರೆ ಎಂದು ಬರೆದ.

ಮರುದಿನ ಮುಂಜಾನೆ ಮಾಳವ್ವ ಎಂಬ ಕುರಿಗಾರ ಹೆಣ್ಣುಮಗಳು ಬಂದಳು.

"ಮೂವತ್ತು ಕುರಿ ಗಬ್ಬ ಅದಾವ್ರೀ," ಎಂದಳು. "ಹ್ವಾದ ವರ್ಷ ಯಾರೋ ಚಲೋ ನೀರು ಅಂದ್ರು. ನಂಬಿ ಕುಡಿಸಿದೆ. ಹನ್ನೊಂದು ಮರಿ ಸತ್ತ ಹುಟ್ಟಿದುವು. ಈ ಸಲ ಎಮ್ಮಿಮಡುವಿನ ಕಡೆ ಹುಲ್ಲು ಭಾಳ ಐತಿ. ನೀರು ಹೆಂಗೈತ್ರೀ, ಮರಿದೇವ್ರ?"

ಚನ್ನವೀರ ಗೋಡೆ ನೋಡಿದ.

"ಐದೂವರೆ ಸುತ್ತು. ಚಲೋ ನೀರವ್ವ."

"ಖರೇನ?"

"ನನಗ ಗೊತ್ತೈತಿ."

ಜಗಲಿಯ ಮೇಲಿದ್ದ ಅಜ್ಜ ಜಪಸರ ಕೆಳಗಿಟ್ಟರು.

"ಚನ್ನವೀರಾ, ಆ ಅರ್ಧ ಸುತ್ತು ಯಾವ ಮಣಿಗೆ ಬಂದು ನಿಂತಿತ್ತಪ್ಪ?"

ಚನ್ನವೀರ ಜಪಸರದ ಮೇಲೆ ಕಣ್ಣಾಡಿಸಿದ. ಮಣಿ ಸಿಗಲಿಲ್ಲ.

"ಬೇಯಿಸಿಲ್ಲ ಅಜ್ಜಾರ. ಲೆಕ್ಕ ಹಾಕೀನಿ. ಈ ಕಡೆ ಐದು, ಆ ಕಡೆ ಆರು. ನಡಕ ಇದ್ದದ್ದು ಎಷ್ಟು ಕೆಟ್ಟೀತು?"

"ಬೇಯಿಸಿಲ್ಲಾ?" ಎಂದಳು ಮಾಳವ್ವ. ಅವಳ ಮುಖ ನೋಡಲು ಅವನಿಂದ ಆಗಲಿಲ್ಲ.

ಅಜ್ಜ ಬೈಯಲಿಲ್ಲ. ಮಾಳವ್ವನಿಗೆ ಸಂಜೆಯವರೆಗೆ ಇದ್ದು ಹೋಗಲು ಹೇಳಿದರು. ಶಿಷ್ಯನ ಕೈಗೆ ಸೋರೆಬುರುಡೆ ಕೊಟ್ಟರು.

"ಹಿರೇಹಳ್ಳದ ಮಡುವಿನಾಗ ಇಳಿ. ಎಮ್ಮಿಮಡುವಿಗೆ ಹೋಗಿ ನೀರು ತಾ. ಅಲ್ಲಿ ಮುಟ್ಟೂತನಕ ಕಾಲು ನೀರಿನಿಂದ ಹೊರಗ ಇಡಬ್ಯಾಡ."

"ದಿಣ್ಣಿ ಏರಿ ಇಳಿದ್ರ ಒಂದು ಕೂಗಳತಿ, ಅಜ್ಜಾರ."

"ನೀರು ದಿಣ್ಣಿ ಏರತೈತೇನು?"

ಚನ್ನವೀರ ನೀರಿಗಿಳಿದ. ಹಳ್ಳ ಹರಿದತ್ತ ನಡೆದ. ಜಾಲಿಮುಳ್ಳು ಮೊಣಕಾಲು ಗೀರಿತು. ಪಾಚಿಗಲ್ಲು ಎರಡು ಸಲ ಕೆಡವಿತು. ಕೂಡಲ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು.

ಎಮ್ಮೆಮಡು ಇನ್ನೂ ಬಂದಿರಲಿಲ್ಲ.

ಇಲ್ಲಿಂದ ಕಿರುಹಳ್ಳಕ್ಕೆ ತಿರುಗಬೇಕು, ಹರಿವಿಗೆ ಎದುರಾಗಿ ಮೇಲೆ ಹತ್ತಬೇಕು. ಅವನು ಅಲ್ಲೇ ನಿಂತುಬಿಟ್ಟ. ತನ್ನ ಲೆಕ್ಕದಲ್ಲಿ ನಡುವೆ ಇದ್ದ ಮಡು ನೀರಿನ ದಾರಿಯಲ್ಲಿ ಎಲ್ಲಕ್ಕಿಂತ ಕೊನೆಗಿತ್ತು. ಹಿರೇಹಳ್ಳದ ಒಂದು ಹನಿಯೂ ಅದನ್ನು ಕಂಡಿರಲಿಲ್ಲ.

ಕಿರುಹಳ್ಳದಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲಿನ ಗೀರುಗಳು ಉರಿಯತೊಡಗಿದವು. ಕಲ್ಲುಗಳ ಮೇಲೆ ಬಿಳಿ ಪೊರೆ ಕಟ್ಟಿತ್ತು. ಎಮ್ಮೆಮಡು ಮುಟ್ಟಿ ನೋಡಿದರೆ, ಅದರ ಮೇಲ್ಗಡೆ ಹಳ್ಳ ಈ ಮಳೆಗೆ ದಂಡೆ ಒಡೆದು, ಸವಳು ಹೊಲವೊಂದನ್ನು ಸೀಳಿಕೊಂಡು ಹರಿದುಬಂದಿತ್ತು. ಕೂಡಲದಲ್ಲಿ ಹಿರೇಹಳ್ಳದ ದೊಡ್ಡ ಹರಿವು ಈ ಸವಳನ್ನು ಮುಚ್ಚಿಬಿಟ್ಟಿತ್ತು.

ಅವನಿಗೆ ನಾಚಿಕೆಯಾಯಿತು. ಮೂವತ್ತು ಕುರಿಗಳ ನೆನಪಾಗಿ ಹೆದರಿಕೆಯೂ ಆಯಿತು. ಬುರುಡೆ ತುಂಬಿಕೊಂಡು ದಿಣ್ಣೆ ಹತ್ತಿ ಓಡಿದ.

ಸಂಜೆ ಒಲೆ ಹೂಡಿದ. ಮಾಳವ್ವ ಒಲೆಯ ಪಕ್ಕದಲ್ಲೇ ಕೂತಳು. ಐದು ಸುತ್ತಾಯಿತು, ಆರಾಯಿತು. ಹನ್ನೆರಡನೆಯ ಸುತ್ತು ಮುಗಿದಾಗ ಅವಳು ಒಂದು ಬೇಳೆ ತೆಗೆದು ಬೆರಳಲ್ಲಿ ಹಿಚುಕಿದಳು. ಅದು ಹರಳಿನಂತೆ ಗಟ್ಟಿಯಾಗೇ ಇತ್ತು.

"ತಪ್ಪಾತವ್ವ," ಎಂದ ಚನ್ನವೀರ. "ನನ್ನ ಮಾತು ಕೇಳಿ ಹೋಗಿದ್ರ ಮರಿ ಉಳೀತಿರಲಿಲ್ಲ."

ಮಾಳವ್ವ ಬೇಳೆಯನ್ನು ಒಲೆಗೆ ಎಸೆದಳು. ಆಮೇಲೆ ಕೇಳಿದಳು.

"ಹಂಗಾರ ಹುಣಸಿಮಡು?"

ಹುಣಸೆಮಡು ಸಣ್ಣದು, ಅದರ ಹೆಸರು ಗೋಡೆಯ ಮೇಲೆ ಇರಲಿಲ್ಲ. ಚನ್ನವೀರ ಕಣ್ಣು ಮುಚ್ಚಿ ಹಳ್ಳದ ದಾರಿ ನೆನೆದ.

"ಅದು ಹಿರೇಹಳ್ಳದಾಗ ಐತಿ. ಅದರ ಮ್ಯಾಲಿನ ಮಡು ಐದು ಸುತ್ತು, ಕೆಳಗಿನದೂ ಐದು. ಅದೇ ನೀರು ಹರಿದು ಬರತೈತಿ. ನಡಕ ಬ್ಯಾರೆ ಹಳ್ಳ ಕೂಡಿದ್ದು ನಾ ಕಂಡಿಲ್ಲ. ಚಲೋ ಇರಬಹುದು."

"ಇರಬಹುದು?"

"ಬೇಯಿಸಿಲ್ಲವ್ವ. ನನಗ ಗೊತ್ತಿಲ್ಲ. ನಾಳೆ ನಿಮಗಿಂತ ಮೊದಲ ಹೋಗಿ ಅಲ್ಲೇ ಒಲಿ ಹೂಡತೇನಿ. ಬೇಳಿ ಬೇಯೂತನಕ ಕುರಿ ನೀರಿಗೆ ಬಿಡಬ್ಯಾಡ್ರಿ."

ಮಾಳವ್ವ ಅಜ್ಜನ ಕಡೆ ತಿರುಗಿದಳು.

"ಗೊತ್ತಿಲ್ಲ ಅಂತಾರ ಮರಿದೇವ್ರು. ಇವರ ಮಾತು ನಂಬಿ ಕುರಿ ಹೆಂಗ ಹೊಡಕೊಂಡು ಹೋಗ್ಲಿರೀ, ಅಜ್ಜಾರ?"

"ಮುಂಜಾನಿ ಗೊತ್ತೈತಿ ಅಂದಿದ್ದ, ತಾಯಿ," ಎಂದರು ಅಜ್ಜ. "ನಂಬೂದಾದ್ರ ಈಗ ನಂಬು."