ಸರ್ವೆ ಗುಡ್ಡದಲ್ಲಿ ಓಗೊಟ್ಟವರು ಯಾರು?

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಹಿಂದೆ ಕೂತೋರು ಮುಂದಿನೋರ ಜಡೆ ಎಳೀಬೇಡಿ. ಕಥೆ ಮಧ್ಯೆ ಪ್ರಶ್ನೆ ಕೇಳಬಹುದಾ ಅಂತೀರಾ? ಕೇಳಬಹುದು, ಕೇಳಲೇಬೇಕು. ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ.

ಒಂದು ಸೀಮೆ ಇತ್ತು. ಆ ಸೀಮೆಗೊಬ್ಬ ರಾಜ ಇದ್ದ. ಊರಾಚೆ ಒಂದು ಗುಡ್ಡ, ಗುಡ್ಡದ ತುಂಬಾ ಸರ್ವೆ ಮರ. ಗಾಳಿ ಬೀಸಿದರೆ ಗುಡ್ಡಕ್ಕೆ ಗುಡ್ಡವೇ ಸುಯ್ ಅಂತಿತ್ತು.

ರಾಜನ ತಾತ ಒಂದು ಕಟ್ಟಳೆ ಮಾಡಿದ್ದ. ಕ್ರಿಸ್‌ಮಸ್ ಹಬ್ಬಕ್ಕೆ ಮನೆಗೊಂದು ಸರ್ವೆ ಮರ ಕಡಿದು ಒಯ್ಯಬಹುದು. ಯಾರಿಗೂ ಏನೂ ಕೊಡಬೇಕಾಗಿಲ್ಲ. ಆದರೆ ಕೊಡಲಿ ಎತ್ತೋ ಮುಂಚೆ, ಅದರ ಹಿಂಬದಿಯಿಂದ ಮರಕ್ಕೆ ಮೂರು ಸಲ ತಟ್ಟಿ, "ಮನೇಲಿ ಯಾರಾದ್ರೂ ಇದ್ದೀರಾ?" ಅಂತ ಕೇಳಬೇಕು. "ಇದ್ದೀನಿ" ಅಂತ ಒಳಗಿಂದ ಯಾರಾದ್ರೂ ಓಗೊಟ್ಟರೆ ಆ ಮರ ಅವರದು. ಕಡಿಯೋ ಹಾಗಿಲ್ಲ. ಅಷ್ಟೇ ಅಲ್ಲ, ನರಿಗಿರಿ ಬರದ ಹಾಗೆ ಆ ಮರದ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿ ಬರಬೇಕು.

ಓಗೊಡೋರು ಯಾರು ಅಂದ್ರಾ? ಆ ಕಾಲದಲ್ಲಿ ಹಕ್ಕಿ, ಪ್ರಾಣಿ, ಹುಳ ಎಲ್ಲಾ ಮಾತಾಡ್ತಿದ್ದವು ಕಣ್ರಪ್ಪಾ. ಮೇಕೆಗಳೂ ಮಾತಾಡ್ತಿದ್ದವು. ಆದರೆ ಅವುಗಳ ಬಾಯಲ್ಲಿ ಸದಾ ಸೊಪ್ಪು, ಪುರುಸೊತ್ತೆಲ್ಲಿ?

ಬರಬರುತ್ತಾ ಜನ ಏನು ಮಾಡಿದ್ರು? ತಟ್ಟೋದು ಸುಲಭ, ಇಟ್ಕೊಂಡ್ರು. ಮುಳ್ಳು ಕಡಿದು ಬೇಲಿ ಹಾಕೋದು ಕಷ್ಟ, ಮರೆತುಬಿಟ್ರು.

ಆ ಊರಿಗೆ ಅನ್ನಮರಿ ಅನ್ನೋ ಹುಡುಗಿ ಸೊಸೆಯಾಗಿ ಬಂದಳು. ಮಾವ ಚೌರಪ್ಪ, ಅತ್ತೆ ಮದಲಮ್ಮ, ಗಂಡ ಇನ್ನಾಸಿ. ಅನ್ನಮರಿ ಕೆಲಸದಲ್ಲಿ ಚುರುಕು, ನಡತೆಯಲ್ಲಿ ಒಳ್ಳೇಳು. ಒಂದೇ ಒಂದು ಅಭ್ಯಾಸ ಅವಳಿಗೆ, ಕಂಡದ್ದಕ್ಕೆಲ್ಲ "ಯಾಕೆ?" ಅನ್ನೋದು. ಕಜ್ಜಾಯ ಯಾಕೆ ಉಬ್ಬುತ್ತೆ? ಹಬ್ಬಕ್ಕೆ ಬೊಂಬೆ ಜೋಡಿಸೋ ಗೋದಲಿಯಲ್ಲಿ ಹಸು ಯಾಕೆ ಎಡಕ್ಕೇ ನಿಲ್ಲಬೇಕು? ಅತ್ತೆ ತಲೆ ಚಚ್ಚಿಕೊಳ್ಳೋಳು. "ಇವಳ ಬಾಯಿಗೆ ಒಂದು ಬೀಗ ಮಾಡಿಸ್ರೀ" ಅಂತ ಗಂಡನಿಗೆ ಹೇಳೋಳು. ಆದರೆ ಮಲಗೋ ಮುಂಚೆ ತಾನೇ ಹಸೂನ ಒಂದು ಸಲ ಬಲಕ್ಕಿಟ್ಟು ನೋಡೋಳು.

ತವರಿಂದ ಅನ್ನಮರಿ ಜೊತೆ ಬಂದದ್ದು ಒಂದು ಬಿಳಿ ಮೇಕೆ, ಹೆಸರು ಕೆಂಪಿ. ಬಿಳಿ ಮೇಕೆಗೆ ಕೆಂಪಿ ಅಂತ ಯಾಕೆ ಹೆಸರು ಅಂದ್ರೆ, ಅವಳವ್ವನಿಗೆ ಕೆಂಪು ಅಂದ್ರೆ ಇಷ್ಟ, ಅಷ್ಟೇ. ಅವ್ವ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಮೇಕೆ ಅದು. ಅದರ ಕುತ್ತಿಗೆ ತಬ್ಬಿಕೊಂಡರೆ ಅನ್ನಮರಿಗೆ ಅವ್ವನ ಸೆರಗಿನ ವಾಸನೆ ಬಂದ ಹಾಗಾಗೋದು. ಅವಳು ಎಲ್ಲಿ ಹೋದರೂ ಕೆಂಪಿ ಹಿಂದೆ ಹಿಂದೆ.

ಹಬ್ಬದ ಹಿಂದಿನ ದಿನ ಬಂತು. ಬುತ್ತಿ ಕಟ್ಟಿಕೊಂಡು, ಕೊಡಲಿ, ಮಚ್ಚು ಹಿಡಕೊಂಡು ಮನೆಮಂದಿಯೆಲ್ಲ ಗುಡ್ಡಕ್ಕೆ ಹೊರಟರು. ಹೊಸ ಸೊಸೆ ಬಂದ ಮನೆ ಅದು. ಸಂಜೆ ಗಂಟೆ ಹೊಡೆಯೋ ಹೊತ್ತಿಗೆ ಅಂಗಳದಲ್ಲಿ ಮರ ನಿಂತು, ತುದಿಯಲ್ಲಿ ನಕ್ಷತ್ರದ ಗೂಡುದೀಪ ಉರೀಲೇಬೇಕು. ಇಲ್ಲದಿದ್ರೆ ಊರವರ ಬಾಯಿ ಮುಚ್ಚಿಸೋರ್ಯಾರು?

ಗುಡ್ಡದ ಬುಡದಲ್ಲಿ ತೋಪಿನ ಪಾರುಪತ್ತೇಗಾರ ರಾಯಪ್ಪನ ಮನೆ. ಮರಗಳನ್ನ ಕಾಯೋದು ಅವನ ಕೆಲಸ. ಅವನ ಅಂಗಳದಲ್ಲಿ ಆಗಲೇ ಕಡಿದ ಸರ್ವೆ ಮರಗಳು ಸಾಲಾಗಿ ಒರಗಿ ನಿಂತಿದ್ದವು. ತಲೆಗೆ ಹಸಿರು ಅಂಚಿನ ದೊಡ್ಡ ರುಮಾಲು ಸುತ್ತಿಕೊಂಡು ರಾಯಪ್ಪ ಕಟ್ಟೆ ಮೇಲೆ ಕೂತಿದ್ದ. ಅವನ ಕಣ್ಣು ಕೆಂಪಿ ಮೇಲೆ ಬಿತ್ತು.

"ಮೇಕೆ ಚೆನ್ನಾಗಿದೆಯಲ್ಲ ಚೌರಪ್ಪಾ! ಈ ಸಲ ಗುಡ್ಡದ ತುಂಬಾ ಹಕ್ಕಿಪಕ್ಕಿ ಸಂಸಾರ. ಮರ ಸಿಗೋದು ಕಷ್ಟ. ಸಿಗದಿದ್ರೆ ಇಲ್ಲಿಗೇ ಬಾ. ಮೇಕೆ ಬಿಟ್ಟು ಮರ ತಗೊಂಡು ಹೋಗು."

ಚೌರಪ್ಪ ಕೈ ಮುಗಿದು ಮುಂದೆ ನಡೆದ. ಹೋದ ವರ್ಷವೂ ಹೀಗೇ ಆಗಿತ್ತು. ಯಾವ ಮರ ತಟ್ಟಿದರೂ "ಇದ್ದೀನಿ, ಇದ್ದೀನಿ." ಕೊನೆಗೆ ರಾಯಪ್ಪನಿಗೆ ತಾಮ್ರದ ಹಂಡೆ ಕೊಟ್ಟು ಮರ ತಂದಿದ್ರು. ಪಕ್ಕದ ಮನೆಯವರು ಮೊಟ್ಟೆ ಇಡೋ ಹೇಂಟೆ ಕೊಟ್ಟಿದ್ರು.

"ಅಷ್ಟೊಂದು ಹಕ್ಕಿ ಇದ್ರೆ ಒಂದೂ ಹಾರೋದು ಯಾಕೆ ಕಾಣಲ್ಲ ಮಾವ?" ಅಂದಳು ಅನ್ನಮರಿ.

"ಸುಮ್ನೆ ನಡಿ ತಾಯಿ" ಅಂದಳು ಅತ್ತೆ.

ಮೇಲೆ ಹೋಗಿ ಒಂದು ಚೆಂದದ ಮರ ಆರಿಸಿದರು. ಬುಡದಲ್ಲಿ ಒಣಗಿದ ಸರ್ವೆ ಎಲೆ ರಾಶಿ ಬಿದ್ದಿತ್ತು. ಚೌರಪ್ಪ ಮೂರು ಸಲ ತಟ್ಟಿದ. ಟಕ್, ಟಕ್, ಟಕ್. "ಮನೇಲಿ ಯಾರಾದ್ರೂ ಇದ್ದೀರಾ?"

"ಇದ್ದೀನಿ!" ಅಂತು ಒಂದು ಗೊಗ್ಗರು ದನಿ. "ನಾನು ಗೂಬೆ. ಬಿಸಿಲಲ್ಲಿ ಕೂತು ಮಗೂಗೆ ಸ್ವೆಟರ್ ಹೆಣೀತಿದ್ದೀನಿ. ಹೋಗಿ!"

ಎಲ್ಲರೂ ತಲೆ ಬಗ್ಗಿಸಿ ಹಿಂದೆ ಸರಿದರು. ಅನ್ನಮರಿ ಮಾತ್ರ ನಿಂತಳು. ಗೂಬೆ, ಹಗಲು ಹೊತ್ತು, ಬಿಸಿಲಲ್ಲಿ? ಕೇಳೋಣ ಅಂತ ಬಾಯಿ ತೆಗೆದಳು. ಅತ್ತೆ ರಟ್ಟೆ ಚಿವುಟಿದಳು. "ಓಗೊಟ್ಟ ಮೇಲೆ ಮಾತು ಬೆಳೆಸಬಾರದು. ನಮ್ಮೂರ ಮರ್ಯಾದೆ ಅದು."

ಎರಡನೇ ಮರ. ಅಲ್ಲೂ ಬುಡದಲ್ಲಿ ಎಲೆ ರಾಶಿ. ಟಕ್, ಟಕ್, ಟಕ್. "ಮನೇಲಿ ಯಾರಾದ್ರೂ ಇದ್ದೀರಾ?"

"ಇದ್ದೀನಿ!" ಅದೇ ಗೊಗ್ಗರು ದನಿ, ಸ್ವಲ್ಪ ಏದುಸಿರು ಬೇರೆ. "ನಾನು ಅಳಿಲು. ಬಾಣಂತಿ. ಹೋಗಿ!"

ಅತ್ತೆ ಕೈ ಚಾಚೋ ಮುಂಚೆ ಅನ್ನಮರಿ ಕೇಳಿಯೇಬಿಟ್ಟಳು. "ಮಕ್ಕಳೆಷ್ಟು ಅಳಿಲವ್ವಾ?"

"ಮಕ್ಕಳಾ? ಇನ್ನೂ... ಮೂರು ಮೊಟ್ಟೆ ಇಟ್ಟಿದ್ದೀನಿ. ಒಡೆದಿಲ್ಲ."

"ಅಳಿಲು ಮೊಟ್ಟೆ ಇಡುತ್ತಾ?"

"ಏಯ್! ಬಾಣಂತೀನ ಹೀಗೆಲ್ಲ ಕೇಳ್ತಾರಾ? ಇನ್ನೊಂದು ಮಾತಾಡಿದ್ರೆ ಶಾಪ ಹಾಕಿಬಿಡ್ತೀನಿ!"

ಮನೆಮಂದಿಯೆಲ್ಲ ಓಡಿದರು. ದೂರ ಬಂದ ಮೇಲೆ ಇನ್ನಾಸಿ ಹೆಂಡತಿಗೆ ಮೆಲ್ಲಗೆ ಅಂದ, "ನಿಮ್ಮೂರ ಅಳಿಲು ಬೇರೆ, ನಮ್ಮೂರ ಅಳಿಲು ಬೇರೆ ಇರಬಹುದು ಕಣೆ." ನಗಬೇಡಿ. ದೊಡ್ಡೋರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಬೆಳೆದೋರು ಹಾಗೇ ಅನ್ನೋದು.

ಹೊತ್ತು ಇಳೀತಿತ್ತು. ಚೌರಪ್ಪ ಕಲ್ಲಿನ ಮೇಲೆ ಕೂತು ಕೆಂಪಿ ಕಡೆ ನೋಡಿದ. ಆಮೇಲೆ ಸೊಸೆ ಮುಖ ನೋಡೋಕಾಗದೆ ನೆಲ ನೋಡಿದ.

"ಬೇರೆ ದಾರಿ ಕಾಣಲ್ಲ ಮಗಾ. ರಾಯಪ್ಪನಿಗೆ ಮೇಕೆ ಕೊಟ್ಟು..."

ಅನ್ನಮರಿ ಕೆಂಪಿ ಕುತ್ತಿಗೆ ಬಿಗಿಯಾಗಿ ಹಿಡಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂತು. "ಇನ್ನೊಂದೇ ಒಂದು ಮರ ತಟ್ಟೋಣ ಮಾವ. ನಿಮ್ಮ ಕಾಲಿಗೆ ಬೀಳ್ತೀನಿ."

ಮೂರನೇ ಮರ. ಟಕ್, ಟಕ್, ಟಕ್. "ಮನೇಲಿ ಯಾರಾದ್ರೂ ಇದ್ದೀರಾ?"

"ಇದ್ದೀನಿ! ನಾನು ಜೇನು. ದೊಡ್ಡ ಸಂಸಾರ. ಹೋಗಿ, ಹೋಗಿ!"

ಕೆಂಪಿಗೆ ಜೇನಾದರೇನು, ಗೂಬೆಯಾದರೇನು? ಅದು ಬುಡದ ಎಲೆ ರಾಶಿಗೆ ಮೂತಿ ತೂರಿಸಿ ಏನನ್ನೋ ಜಗಿದು ಎಳೀತು. ಅನ್ನಮರಿ ಬಗ್ಗಿ ನೋಡಿದಳು. ಬಟ್ಟೆ ತುದಿ. ಹಸಿರು ಅಂಚು!

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಕೂಗಿಬಿಡೋಣ ಅನ್ನಿಸ್ತು. ಆದರೆ ಕೂಗಿದ್ರೆ ಅವನು ಎದ್ದು ನಿಂತು, ಮರ ಕಾಯ್ತಿದ್ದೆ ಅಂತಾನೆ. ಪಾರುಪತ್ತೇಗಾರನ ಮಾತಿನ ಮುಂದೆ ಹೊಸ ಸೊಸೆ ಮಾತು ಯಾರು ಕೇಳ್ತಾರೆ? ಅವಳು ತುಟಿ ಕಚ್ಚಿಕೊಂಡು ಮಾವನ ಕಡೆ ತಿರುಗಿದಳು.

"ಮಾವ, ಓಗೊಟ್ಟೋರ ಮರಕ್ಕೆ ಮುಂಚೆ ಏನೋ ಮಾಡ್ತಿದ್ರು ಅಂದಿದ್ರಲ್ಲ?"

"ಮುಳ್ಳುಬೇಲಿ ಹಾಕ್ತಿದ್ರು. ಈಗ ಯಾರು ಹಾಕ್ತಾರೆ?"

"ನಾವು ಹಾಕೋಣ. ದೊಡ್ಡ ಸಂಸಾರ ಪಾಪ. ನರಿ ಬಂದ್ರೆ?"

ಎಲೆ ರಾಶಿ ಸ್ವಲ್ಪ ನಡುಗಿತು. "ಬೇಡ ಬೇಡ, ಬೇಲಿ ಬೇಡ" ಅಂತು.

"ಸಂಕೋಚ ಮಾಡ್ಕೋಬೇಡಿ ಜೇನವ್ವಾ" ಅಂದಳು ಅನ್ನಮರಿ. ಇನ್ನಾಸಿ ಮಚ್ಚಿಂದ ಜಾಲಿಮುಳ್ಳು ಕಡಿದ. ಚೌರಪ್ಪ ಕವೆಗೋಲಲ್ಲಿ ತಳ್ಳಿ ತಳ್ಳಿ ಜೋಡಿಸಿದ. ಮರದ ಸುತ್ತ, ಎಲೆ ರಾಶಿ ಸುತ್ತ, ಸೊಂಟದೆತ್ತರ ಮುಳ್ಳು ನಿಂತಿತು.

ಆಗ ಅನ್ನಮರಿ ಜೋರಾಗಿ ಕೇಳಿದಳು. "ಅತ್ತೆ, ಜೇನು ಅಂದ್ರೆ ಒಂದಿಷ್ಟು ಹೊಗೆ ಹಾಕಿ ತುಪ್ಪ ತೆಗೀಬಹುದಲ್ವಾ?"

"ಹೊಗೆ ಬೇಡ!" ಕಿರುಚಿತು ರಾಶಿ. "ನಾನು ಜೇನಲ್ಲ, ಗೂಬೆ!"

"ಗೂಬೆ ಆ ಕಡೆ ಮರದಲ್ಲಿ ಸ್ವೆಟರ್ ಹೆಣೀತಿತ್ತಲ್ಲ?"

"ಅಲ್ಲಲ್ಲ, ಅಳಿಲು!"

"ಬಾಣಂತಿ ಮೊಟ್ಟೆ ಬಿಟ್ಟು ಇಲ್ಲಿಗ್ಯಾಕೆ ಬಂದೆ ತಾಯಿ?"

ರಾಶಿಯೊಳಗೆ ದೊಡ್ಡ ಸೀನು ಬಂತು. ಮದಲಮ್ಮನ ಕಣ್ಣು ಅಗಲವಾಯ್ತು. ಚೌರಪ್ಪ ಕವೆಗೋಲು ಊರಿ ನಿಂತು ಗಹಗಹಿಸಿ ನಕ್ಕ. ಗುಡ್ಡದ ಮೇಲೆ ಮರ ಹುಡುಕ್ತಿದ್ದ ಬೇರೆ ಮನೆಯವರೂ ನಗು ಕೇಳಿ ಓಡಿ ಬಂದ್ರು. ಕೊನೆಗೆ ಎಲೆ ಕೊಡವಿಕೊಂಡು, ಅರ್ಧ ರುಮಾಲು ಮೇಕೆ ಬಾಯಲ್ಲಿ ಬಿಟ್ಟು, ರಾಯಪ್ಪ ಎದ್ದು ನಿಂತ.

"ನಾನು ಕಣ್ರಪ್ಪಾ, ರಾಯಪ್ಪ. ಮುಳ್ಳು ತೆಗೀರಿ!"

"ಅದ್ಹೇಗಾಗುತ್ತೆ ಪಾರುಪತ್ತೇಗಾರ್ರೇ?" ಅಂದಳು ಮದಲಮ್ಮ. ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದಳು ಆಗ. "ಓಗೊಟ್ಟೋರು ಆ ಮರದ ಮನೆಯವರು. ಕಟ್ಟಳೆ ಅಂದ್ರೆ ಕಟ್ಟಳೆ. ನಮ್ಮ ಹಂಡೆ ಎಲ್ಲಿ? ಪಕ್ಕದ ಮನೆಯವರ ಹೇಂಟೆ ಎಲ್ಲಿ? ಮೊದಲು ಅದು ಹೇಳಿ."

ಪಾಪ, ಹೇಳದೆ ಏನು ಮಾಡ್ತಾನೆ? ಹಂಡೆ ಎಲ್ಲಿದೆ, ಕೋಳಿ ಎಲ್ಲಿವೆ, ಅಂಗಳದ ಮರಗಳನ್ನ ಇದೇ ಗುಡ್ಡದಿಂದ ಕದ್ದು ಕಡಿದದ್ದು, ಒಳದಾರೀಲಿ ಮುಂದೆ ಓಡಿ ಎಲೆ ರಾಶೀಲಿ ಅಡಗಿ ಓಗೊಟ್ಟದ್ದು ಎಲ್ಲ ಬಾಯಿಬಿಟ್ಟ. ಆಮೇಲೆ ಬೇಲಿ ತೆಗೆದ್ರು. ಹಬ್ಬ ಮುಗಿದ ಮೇಲೆ ಸುದ್ದಿ ರಾಜನಿಗೆ ಹೋಯ್ತು. ತಗೊಂಡದ್ದನ್ನೆಲ್ಲ ಅವರವರ ಮನೆ ಬಾಗಿಲಿಗೆ ಹೊತ್ತು ತಲುಪಿಸಬೇಕು, ಇನ್ನು ಮುಂದೆ ಓಗೊಟ್ಟ ಮರಕ್ಕೆಲ್ಲ ರಾಯಪ್ಪನೇ ಮುಳ್ಳುಬೇಲಿ ಹಾಕಬೇಕು ಅಂತ ರಾಜ ಅಪ್ಪಣೆ ಮಾಡಿದ.

ತಾಳಿ, ಏಳಬೇಡಿ. ಮರ ಇನ್ನೂ ಸಿಕ್ಕಿಲ್ಲ.

ಬೇಲಿ ತೆಗೆದಾದ ಮೇಲೆ ಪಕ್ಕದ ಮರಕ್ಕೆ ತಟ್ಟಿದ್ರು. ಈ ಸಲ ಕೊಡಲಿ ಅನ್ನಮರಿ ಕೈಲಿತ್ತು. ಟಕ್, ಟಕ್, ಟಕ್. "ಮನೇಲಿ ಯಾರಾದ್ರೂ ಇದ್ದೀರಾ?"

"ಇದ್ದೀನಿ" ಅಂತು ಒಂದು ಎಳೇ ದನಿ, ಮೇಲಿಂದ.

ಎಲ್ಲರೂ ರಾಯಪ್ಪನ ಕಡೆ ನೋಡಿದ್ರು. ರಾಯಪ್ಪ ಎರಡೂ ಕೈ ಎತ್ತಿ, "ದೇವ್ರಾಣೆ ನಾನಲ್ಲ!" ಅಂದ.

ಇನ್ನಾಸಿಗೆ ರೇಗಿತು. "ಮತ್ತೊಬ್ಬ ಮೋಸಗಾರ ಇರಬೇಕು, ಕಡಿದುಬಿಡೋಣ" ಅಂದ. ಅನ್ನಮರಿ ಕೊಡಲಿ ಕೊಡಲಿಲ್ಲ. ತಲೆ ಎತ್ತಿ ಕೇಳಿದಳು. "ಯಾರಮ್ಮ ನೀನು?"

"ಮುನಿಯ ಹಕ್ಕಿ."

"ಮಕ್ಕಳಿದ್ದಾರಾ?"

"ಎರಡು. ಇನ್ನೂ ಕಣ್ಣು ಬಿಟ್ಟಿಲ್ಲ. ಮೇಲೆ ಬಾ, ಬಂದು ನೋಡು."

ಅನ್ನಮರಿ ಸೆರಗು ಸಿಕ್ಕಿಸಿ, ಗಂಡನ ಹೆಗಲು ಹತ್ತಿ, ಕೊಂಬೆ ಸರಿಸಿ ನೋಡಿದಳು. ಹುಲ್ಲಿನ ಗೂಡಲ್ಲಿ ಎರಡು ಕೆಂಪು ಕೊಕ್ಕು ಬಾಯಿ ತೆಗೆದಿದ್ದವು. ಅವಳು ತುಂಬಾ ಹೊತ್ತು ಕೆಳಗಿಳಿಯಲಿಲ್ಲ. ಕೆಳಗೆ ನಿಂತಿದ್ದ ಅತ್ತೆಗೆ ತಡೆಯೋಕಾಗಲಿಲ್ಲ. "ಹೇಗಿವೆ? ಎಷ್ಟು ದಪ್ಪ ಇವೆ? ರೆಕ್ಕೆ ಬಂದಿದೆಯಾ? ಯಾಕೆ ಸುಮ್ನಿದ್ದೀಯ, ಹೇಳೇ!"

ಆ ಮರಕ್ಕೆ ರಾಯಪ್ಪನ ಕೈಲೇ ಮುಳ್ಳುಬೇಲಿ ಹಾಕಿಸಿದ್ರು. ಅದರಾಚೆ ಮರದಲ್ಲಿ ಯಾರೂ ಓಗೊಡಲಿಲ್ಲ. ಅದನ್ನ ಕಡಿದು, ನಾಲ್ವರೂ ಹೆಗಲು ಕೊಟ್ಟು ಇಳಿದರು. ಸಂಜೆ ಗಂಟೆ ಹೊಡೆಯೋ ಹೊತ್ತಿಗೆ ಅಂಗಳದಲ್ಲಿ ಮರ, ಮರದ ತುದಿಯಲ್ಲಿ ನಕ್ಷತ್ರ, ಬುಡದಲ್ಲಿ ಕೆಂಪಿ. ಅವತ್ತು ಕೆಂಪಿ ಬಾಯಿ ಖಾಲಿ ಇತ್ತು. ಹಾಗಾಗಿ ಜೀವಮಾನದಲ್ಲಿ ಒಂದೇ ಒಂದು ಮಾತಾಡ್ತು. "ರುಮಾಲಿಗೆ ಉಪ್ಪು ಜಾಸ್ತಿ" ಅಂತು.

ಮಕ್ಕಳೇ, ಈ ಕಥೆಯ ನೀತಿ ಇಷ್ಟೇ. ಉತ್ತರ ಬಂತು ಅಂತ ಪ್ರಶ್ನೆ ನಿಲ್ಲಿಸಬೇಡಿ. ಯಾರು ಹೇಳಿದ್ರು, ಅದು ಸರಿಯಾ ಅಂತ ಇನ್ನೊಂದು ಸಲ ಕೇಳಿ. ಕೇಳಿದ್ರೆ ಸುಳ್ಳಿಗೆ ಸಿಟ್ಟು ಬರುತ್ತೆ, ಶಾಪ ಹಾಕ್ತೀನಿ ಅನ್ನುತ್ತೆ. ನಿಜಕ್ಕೆ ಸಿಟ್ಟು ಬರಲ್ಲ. ಅದು "ಬಂದು ನೋಡು" ಅನ್ನುತ್ತೆ.