ಕಂಬಳಿಯ ಅಂಚು

"ಗುರುಗಳೇ, ಗೆಳೆಯರಿಗಾಗಿ ಕೈಬಿಚ್ಚಿ ಖರ್ಚು ಮಾಡುವುದು ತಪ್ಪೇ? ಮಾಡದಿದ್ದರೆ ಅವರ ನಡುವೆ ನನಗೆ ಜಾಗವೇ ಇರುವುದಿಲ್ಲ," ಎಂದು ಸಿರಿವಂತರ ಮನೆಯ ಶಿಷ್ಯ ಮಲ್ಲರಸ ಕೇಳಿದ.

ಗುರುಗಳು ಹೀಗೊಂದು ಕತೆ ಹೇಳಿದರು.

ಒಂದು ಬಂದರು ಪಟ್ಟಣ. ನಾನಾ ದೇಶಗಳ ವರ್ತಕರು ವ್ಯಾಪಾರ ಕಲಿಯಲೆಂದು ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಆ ಮಕ್ಕಳು ತಕ್ಕಡಿ ಮುಟ್ಟಿದ್ದನ್ನು ಕಂಡವರಿಲ್ಲ. ಸಂಜೆಯಾದರೆ ಕಡಲ ದಂಡೆಯಲ್ಲಿ ಬೆಂಕಿ ಹಾಕಿ ಔತಣಕ್ಕೆ ಕೂರುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಔತಣ ಕೊಡುವವನು ಹೊಸ ಶಾಲು ಹೊದ್ದು ಬರಬೇಕು, ಊಟ ಮುಗಿದ ಮೇಲೆ ಅದನ್ನು ಬೆಂಕಿಗೆ ಹಾಕಬೇಕು. ಹಾಗೆ ಮಾಡದವನನ್ನು ಯಾರೂ ಬೈಯುತ್ತಿರಲಿಲ್ಲ. ಮತ್ತೆ ಕರೆಯುತ್ತಿರಲಿಲ್ಲ, ಅಷ್ಟೇ.

ಗುಡ್ಡಗಾಡಿನ ನಾಡಿನಿಂದ ವರ್ತಕನೊಬ್ಬನ ಮಗ ಅಲ್ಲಿಗೆ ಬಂದ. ಅವನ ನಾಡಿನಲ್ಲಿ ಒಂದೊಂದು ಮನೆಯ ಕಂಬಳಿಗೂ ಒಂದೊಂದು ಬಗೆಯ ಅಂಚು. ಹೊರಡುವಾಗ ತಾಯಿ ತಾನು ನೇಯ್ದ ಕಂಬಳಿ ಹೊದಿಸಿ, "ಎಲ್ಲೇ ಏನೇ ಆದರೂ ಈ ಅಂಚು ಕಂಡ ನಮ್ಮ ಜನ ನಿನ್ನನ್ನು ಮನೆಗೆ ಮುಟ್ಟಿಸ್ತಾರೆ ಮಗಾ," ಎಂದಿದ್ದಳು. ಬಂದರಿನಲ್ಲಿ ಅದನ್ನು ಹೊದೆಯಲು ಅವನಿಗೆ ನಾಚಿಕೆಯಾಯಿತು. ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ.

ಮೊದಲ ಶಾಲು ಸುಟ್ಟ ದಿನ ಎಲ್ಲರೂ ಅವನ ಬೆನ್ನು ತಟ್ಟಿದರು. ಪರಊರಿನಲ್ಲಿ ತನಗೂ ತನ್ನವರು ಸಿಕ್ಕರು ಎಂದುಕೊಂಡ, ಪಾಪ. ಅವನಿಗೆ ಶಾಲಿನ ದೊರೆ ಎಂಬ ಹೆಸರು ಬಿತ್ತು. ನಿಜವಾದ ಹೆಸರನ್ನು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಒಮ್ಮೆ ಊರಿನಿಂದ ಬರಬೇಕಿದ್ದ ಸರಕಿನ ಬಂಡಿಗಳು ತಡವಾದವು. ಔತಣದ ಸರದಿ ಅವನದು. ಕೈಯಲ್ಲಿ ಹೊಸ ಶಾಲಿಲ್ಲ. ಎಲ್ಲಿ ಮತ್ತೆ ಒಂಟಿಯಾಗಿಬಿಡುತ್ತೇನೋ ಎಂದು ಹಗಲೆಲ್ಲ ಹೆದರಿದ. ಕೊನೆಗೆ ಕಂಬಳಿಯನ್ನೇ ಹೊದ್ದು ಹೋದ. ಅಂಥ ನೇಯ್ಗೆಯನ್ನು ಅಲ್ಲಿ ಯಾರೂ ಕಂಡಿರಲಿಲ್ಲ. "ಇದು ಎಲ್ಲಿಯದು ದೊರೆ?" ಎಂದು ಒಬ್ಬ ಕೇಳಿದ. ಅವನು ಹಿಗ್ಗಿ, "ನಮ್ಮಮ್ಮ..." ಎಂದು ಶುರು ಮಾಡುವಷ್ಟರಲ್ಲಿ ಉಳಿದವರು ಅದನ್ನು ಎಳೆದು ಬೆಂಕಿಗೆ ಹಾಕಿಯಾಗಿತ್ತು. ಉಣ್ಣೆ ಸುಟ್ಟ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು. ಅವನೂ ನಕ್ಕ.

ಸ್ವಲ್ಪ ದಿನಕ್ಕೆ ಅವನು ಜ್ವರ ಬಂದು ಮಲಗಿದ. ಔತಣಕ್ಕೆ ಬಾರದವನನ್ನು ಹುಡುಕಿಕೊಂಡು ಹೋಗುವ ಪದ್ಧತಿ ಆ ಗೆಳೆಯರಲ್ಲಿ ಇರಲಿಲ್ಲ. ಛತ್ರದ ಮೂಲೆಯಲ್ಲಿ ಒಬ್ಬನೇ ಸತ್ತ. ಪೇಟೆಯಲ್ಲಿದ್ದ ಅವನ ನಾಡಿನವರು ಸುದ್ದಿ ಕೇಳಿ, ಸತ್ತವನು ತಮ್ಮ ಕಡೆಯವನೇ ಎಂದು ನೋಡಲು ಬಂದರು. ಪೆಟ್ಟಿಗೆ ತೆಗೆದು ಕಂಬಳಿ ಹುಡುಕಿದರು. ಸಿಗಲಿಲ್ಲ. ಇವನು ನಮ್ಮವನಲ್ಲ ಎಂದು ಹೊರಟುಹೋದರು. ಛತ್ರದವರು ಹೆಣವನ್ನು ಮರಳಿನಲ್ಲಿ ಹೂತರು.

ಆಮೇಲೆ ಬಂಡಿಗಳು ಬಂದವು. ಜೊತೆಗೆ ತಂದೆಯೂ ಬಂದ. ದಂಡೆಯಲ್ಲಿ ಬೆಂಕಿಯ ಸುತ್ತ ಕೂತವರ ಬಳಿ ಹೋಗಿ, ಮಗನ ಹೆಸರು ಹೇಳಿ ವಿಚಾರಿಸಿದ.

"ಆ ಹೆಸರಿನವರು ಯಾರೂ ನಮ್ಮ ಜೊತೆ ಇರಲಿಲ್ಲ ಯಜಮಾನರೇ," ಎಂದರು ಅವರು. ಅವರು ಸುಳ್ಳು ಹೇಳಲಿಲ್ಲ. ತಂದೆ ಮಗನನ್ನು ಹುಡುಕುತ್ತ ಮುಂದಿನ ಊರಿಗೆ ಹೋದ.

ಕತೆ ಕೇಳಿ ಮಲ್ಲರಸನಿಗೆ ಸಿಟ್ಟು ಬಂದಿತ್ತು. "ಅವನು ಯಾರು, ಎಲ್ಲಿಯವನು, ಯಾರ ಮಗ ಎಂದು ಒಂದು ದಿನವೂ ಕೇಳದವರು ಗೆಳೆಯರೇ, ಗುರುಗಳೇ?"

"ನಿನ್ನ ಗೆಳೆಯರಲ್ಲಿ ಯಾರ ತಾಯಿಯ ಹೆಸರು ನೀನು ಹೇಳಬಲ್ಲೆ?" ಎಂದರು ಗುರುಗಳು.